ಹಬೀಬ್ ಹಾಡಿಗೆ ಹನ್ನೆರಡು ತಂತಿಯ ಗಿಟಾರ್ ಶ್ರುತಿ ಮಾಡುವ ಬಗೆ

ಇರಾನಿನ ಗಾಯಕ, ಗೀತಕಾರ ಹಬೀಬ್ ಮೊಹೆಬ್ಬಿಯಾನ್ (1947–2016) ಎಂದರೆ ಅವರ ದನಿಯಷ್ಟೇ ಹನ್ನೆರಡು ತಂತಿಯ ಗಿಟಾರೂ ನೆನಪಾಗುತ್ತದೆ. ‘ಮರ್ದೆ ತನ್ಹಾಯೆ ಶಬ್’, ‘ಮಾದರ್’ ಹಾಡುಗಳನ್ನು ಆರು ತಂತಿಯಲ್ಲಿ ನುಡಿಸಿದರೆ ಏನೋ ಬರಿದೆನಿಸುತ್ತದೆ. ಆ ತುಂಬು ನಾದ ಹುಟ್ಟುವುದು ಜೋಡಿ ತಂತಿಗಳಿಂದ.

ಮುಖ್ಯ ತಂತಿಗಳು 0.010 ಇಂಚಿನಿಂದ 0.047 ಇಂಚಿನವರೆಗೆ ದಪ್ಪವಿರುವ ಹಗುರ ಸೆಟ್ ಕೊಳ್ಳಿ. ಒಟ್ಟು ಆರು ಜೋಡಿ, ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ, ಬಿ, ಇ. ತೆಳುವಾದ ಇ, ಬಿ ಜೋಡಿಗಳಲ್ಲಿ ಎರಡೂ ತಂತಿ ಒಂದೇ ಸ್ವರ. ಉಳಿದ ನಾಲ್ಕರಲ್ಲಿ ಸಣ್ಣ ತಂತಿ ಒಂದು ಸ್ಥಾಯಿ ಮೇಲೆ. ಜಿ ಜೋಡಿಯ ಸಣ್ಣ ತಂತಿ (0.008 ಅಥವಾ 0.009) ಎಲ್ಲಕ್ಕಿಂತ ಎತ್ತರದ ಸ್ವರದಲ್ಲಿ ಬಿಗಿಯಾಗಿರುವುದರಿಂದ ಮೊದಲು ಹರಿಯುವುದು ಅದೇ. ಹೆಚ್ಚುವರಿ ಎರಡು ಇಟ್ಟುಕೊಂಡಿರಿ.

ಇಡೀ ವಾದ್ಯವನ್ನು ಒಂದು ಪೂರ್ಣ ಸ್ವರ ಇಳಿಸಿ: ಡಿ, ಜಿ, ಸಿ, ಎಫ್, ಎ, ಡಿ. ಕುತ್ತಿಗೆಯ ಲೋಹದ ಅಡ್ಡಗೆರೆಗಳಲ್ಲಿ ಎರಡನೆಯದಕ್ಕೆ, ಅಂದರೆ ಎರಡನೇ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಅದುಮುವ ಹಿಡಿಕೆ) ಹಾಕಿದರೆ ಮಾಮೂಲಿ ಶ್ರುತಿಯೇ ಸಿಗುತ್ತದೆ. ಆರು ತಂತಿಯದಕ್ಕಿಂತ ಸುಮಾರು ಒಂದೂವರೆ ಪಟ್ಟು ಎಳೆತ ಇರುವ ವಾದ್ಯವಿದು. ಇಳಿಸದೆ ವರ್ಷಗಟ್ಟಲೆ ಇಟ್ಟರೆ ತಂತಿ ಕಟ್ಟುವ ಸೇತುವೆ (ಬ್ರಿಡ್ಜ್) ಏಳಬಹುದು, ಕುತ್ತಿಗೆ ಬಾಗಬಹುದು.

ಮೊದಲು ಆರು ಮುಖ್ಯ ತಂತಿಗಳನ್ನಷ್ಟೇ ಕೂಡಿಸಿ. ಆಗ ಜೊತೆ ತಂತಿಯನ್ನು ಬೆರಳಿನಿಂದ ಒತ್ತಿಹಿಡಿಯಬೇಕು, ಇಲ್ಲದಿದ್ದರೆ ಶ್ರುತಿ ತೋರಿಸುವ ಟ್ಯೂನರ್ ತಬ್ಬಿಬ್ಬಾಗುತ್ತದೆ. ಜೊತೆ ತಂತಿಗಳನ್ನು ಆಮೇಲೆ ಕಿವಿಯಿಂದ, ಎರಡು ತಂತಿಗಳ ನಾದದ ಅಲೆತ ನಿಲ್ಲುವವರೆಗೆ ಕೂಡಿಸಿ. ಸ್ವರ ಏರಿಹೋದರೆ ಕೆಳಗಿಳಿಸಿ ಮತ್ತೆ ಮೇಲಕ್ಕೆ ತನ್ನಿ. ಮೇಲಿನಿಂದ ಇಳಿಸಿ ಬಿಟ್ಟ ತಂತಿ ನಿಲ್ಲದು. ಹನ್ನೆರಡೂ ಬಿಗಿಯಾದ ಮೇಲೆ ಮೊದಲಿನವು ಜಾರಿರುತ್ತವೆ, ಎರಡನೇ ಸುತ್ತು ಬೇಕೇ ಬೇಕು.

ಕ್ಯಾಪೊ ಫ್ರೆಟ್‌ನ ಬೆನ್ನಿಗೇ ಇರಲಿ. ಜೋಡಿಯ ದಪ್ಪ ತಂತಿ ಮೊದಲು ಒತ್ತಡಕ್ಕೆ ಸಿಕ್ಕಿ ತುಸು ಏರುತ್ತದೆ, ಸಣ್ಣದು ಗೊಣಗುತ್ತದೆ. ಹಾಕಿದ ನಂತರ ಮತ್ತೊಮ್ಮೆ ಶ್ರುತಿ ನೋಡಿ.

ಬೆರಳಿನ ಉಗುರು ಜೋಡಿಯಲ್ಲಿ ಒಂದೇ ತಂತಿಯನ್ನು ಮೀಟುವುದುಂಟು, ಆದ್ದರಿಂದ ಆರಂಭಕ್ಕೆ ಪ್ಲೆಕ್ಟ್ರಮ್ (ಮೀಟುವ ಚಿಕ್ಕ ಬಿಲ್ಲೆ) ಹಿಡಿಯಿರಿ. ಪರ್ಷಿಯನ್ ಸಂಗೀತದ ಕೊರೋನ್, ಅಂದರೆ ಸುಮಾರು ಕಾಲು ಸ್ವರ ಇಳಿದ ಸ್ಥಾನ, ಫ್ರೆಟ್‌ಗಳಲ್ಲಿ ಸಿಗದು. ಅದಕ್ಕೇ ಗಿಟಾರಿನ ಇರಾನಿ ಹಾಡುಗಳು ಪಾಶ್ಚಾತ್ಯ ಸ್ವರಶ್ರೇಣಿಯಾದ ಮೈನರ್‌ನತ್ತ ವಾಲುತ್ತವೆ. ಕೀರವಾಣಿ ರಾಗ ಬಲ್ಲವರಿಗೆ ಹಾರ್ಮೋನಿಕ್ ಮೈನರ್‌ನ ಸ್ವರಗಳು ಹೊಸತಲ್ಲ. ಸಾಲಿನ ಕೊನೆಯಲ್ಲಿ ಕೈ ನಿಲ್ಲಿಸಿ, ತಂತಿಗಳು ತಾವೇ ಮೊಳಗಲಿ. ಅದರ ಮೇಲೆ ದನಿ ಎತ್ತಿ.

ಇರಾನಿನ 1979ರ ಕ್ರಾಂತಿಯ ನಂತರ ದೇಶ ಬಿಟ್ಟು ಅಮೆರಿಕದಲ್ಲಿದ್ದ ಹಬೀಬ್ 2009ರಲ್ಲಿ ಮರಳಿದರು. ತಮ್ಮ ನೆಲದಲ್ಲಿ ಸಾರ್ವಜನಿಕವಾಗಿ ಹಾಡುವ ಆಸೆ ಈಡೇರಲಿಲ್ಲ. ಉತ್ತರ ಇರಾನಿನ ರಾಮ್ಸರ್ ಬಳಿ ತೀರಿಕೊಂಡರು. ಹಾಡುಗಳನ್ನು ಕಲಿಯುವಾಗ ವಲಸೆಗೆ ಮುಂಚಿನ ಧ್ವನಿಮುದ್ರಣಗಳಿಂದ ಶುರುಮಾಡಿ.