ನಂಬದವರ ಮನೆಯಲ್ಲಿ ನನ್ನ ಶುಕ್ರವಾರ, ನನ್ನ ಭಾನುವಾರ

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿರುವ ಬೇಳ ನನ್ನ ಊರು. ಅಲ್ಲಿನ ಶೋಕಮಾತೆಯ ಇಗರ್ಜಿಯ (ಕಥೋಲಿಕ ಚರ್ಚಿನ) ಗಂಟೆ ಕೇಳುತ್ತ ಬೆಳೆದ ನನಗೆ ಸಂಜೆ ಮಣಿಸರ ಹಿಡಿದು ಹೇಳುವ ಜಪಸರವೂ ಇಗರ್ಜಿಯಲ್ಲಿ ಭಾನುವಾರ ನಡೆಯುವ ಬಲಿಪೂಜೆಯೂ ಬಾಳಿನ ಆಧಾರ. ಕಾಞಂಗಾಡಿನ ಪೂರ್ವಕ್ಕೆ, ರಾಜಪುರಂ ಕಡೆಯ ಗುಡ್ಡದ ಮೇಲಿರುವ ಚಿಕ್ಕಪ್ಪನ ಮನೆಯಲ್ಲಿ ಮಾತ್ರ ದೇವರ ಪೀಠವಿಲ್ಲ. ಚಿಕ್ಕಪ್ಪ ಯೌವನದಲ್ಲೇ ಇಗರ್ಜಿಯಿಂದ ದೂರ ಸರಿದವರು. ಚಿಕ್ಕಮ್ಮನ ತವರಿನಲ್ಲಿ ಮೊದಲಿನಿಂದಲೂ ಯಾವ ಧರ್ಮಾಚರಣೆಯೂ ಇರಲಿಲ್ಲ. ಇಬ್ಬರೂ ನಮ್ಮನ್ನು ಕರೆಕರೆದು ಉಪಚರಿಸುವವರು. ಪ್ರತಿ ರಜೆಯಲ್ಲಿ ಮಕ್ಕಳೊಡನೆ ಅಲ್ಲಿ ಉಳಿದುಕೊಳ್ಳುವಾಗ ನನ್ನ ಆಚರಣೆಯನ್ನು ಬಿಡದೆ, ಅದರ ಭಾರವನ್ನು ಅವರ ಮೇಲೆ ಹೊರಿಸದೆ ಇರುವುದು ಹೇಗೆಂದು ನಾನು ಬಹಳ ಯೋಚಿಸಿದ್ದೇನೆ.

ಮನೆಯವರಿಗೆ ತಾಗುವ ಸಂಗತಿಗಳನ್ನಷ್ಟೇ ಹೊರಡುವ ಮೊದಲು ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳಿಬಿಡುತ್ತೇನೆ. ಅವು ಎರಡೇ: ಈಸ್ಟರಿಗೆ ಮುಂಚಿನ ವ್ರತದ ವಾರಗಳಾದ ತಪಸ್ಸುಕಾಲವಾದರೆ ಶುಕ್ರವಾರ ಮಾಂಸ ಬೇಡ, ಭಾನುವಾರ ಬೆಳಿಗ್ಗೆ ನಾನೂ ಮಕ್ಕಳೂ ಪೂಜೆಗೆ ಹೋಗಿಬರುತ್ತೇವೆ. ಕೋಳಿ ಬೇಯಿಸಿಟ್ಟ ಮೇಲೆ "ನಾನು ತಿನ್ನುವುದಿಲ್ಲ" ಎನ್ನುವುದು ಅಡುಗೆ ಮಾಡಿದವರ ಮನಸ್ಸನ್ನು ನೋಯಿಸುತ್ತದೆ. ಮೊದಲೇ ತಿಳಿಸಿದರೆ ಅದು ಬರಿಯ ಅಡುಗೆಯ ಮಾತಾಗಿ ಮುಗಿಯುತ್ತದೆ. ವರ್ಜ್ಯವಿರುವುದು ಮಾಂಸಕ್ಕೆ, ಮೀನಿಗಲ್ಲ. ನಮ್ಮ ಕರಾವಳಿಯವರಿಗೆ ಇದು ದೊಡ್ಡ ಅನುಕೂಲ. "ಶುಕ್ರವಾರ ನಿನಗೆ ಮೀನು ಆಗುತ್ತದಲ್ಲ ಮಗಳೇ?" ಎಂದು ಕೇಳಿ ಖಚಿತಪಡಿಸಿಕೊಂಡು, ಬಂಗುಡೆಗೆ ಖಾರ ಸವರಿ ಕಾವಲಿಯ ಮೇಲೆ ಮಗುಚುವ ಚಿಕ್ಕಮ್ಮನನ್ನು ನೋಡುವಾಗ ನನಗೆ ಕೃತಜ್ಞತೆ ಉಕ್ಕುತ್ತದೆ. ಆದರೆ ಒಂದೇ ಪೂರ್ಣ ಊಟದ ಉಪವಾಸವಿರುವ, ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ನಾನು ಅತಿಥಿಯಾಗಿ ಎಲ್ಲಿಗೂ ಹೋಗುವುದಿಲ್ಲ.

ಹೆಚ್ಚು ಸಿದ್ಧತೆ ಬೇಕಾಗುವುದು ಭಾನುವಾರಕ್ಕೆ. ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ ನಮ್ಮ ಬೇಳದ ಇಗರ್ಜಿ ಲ್ಯಾಟಿನ್ ವಿಧಿಯದು, ಅಂದರೆ ರೋಮಿನ ಪೂಜಾ ಪರಂಪರೆಯದು. ರಾಜಪುರಂ ಭಾಗದಲ್ಲಿರುವವರಾದರೋ 1943ರಲ್ಲಿ ತಿರುವಾಂಕೂರಿನ ಕಡೆಯಿಂದ ವಲಸೆ ಬಂದು ಕಾಡು ಕಡಿದು ನೆಲೆಸಿದ ಕ್ನಾನಾಯ ಎಂಬ ಸಮುದಾಯದ ಕುಟುಂಬಗಳು ಮತ್ತು ಇತರ ಸಿರೋ-ಮಲಬಾರ್ ಕ್ರೈಸ್ತರು; ಅವರೂ ಕಥೋಲಿಕರೇ, ಪೂಜೆಯ ವಿಧಿ ಮಾತ್ರ ಬೇರೆ. ಅಲ್ಲಿನ ಪೂಜೆಗೆ ಹೋದರೆ, ಪ್ರತಿ ಭಾನುವಾರ ಬಲಿಪೂಜೆಯಲ್ಲಿ ಭಾಗವಹಿಸಬೇಕೆಂಬ ನಮ್ಮ ಕರ್ತವ್ಯ ಸಲ್ಲುತ್ತದೆಯೇ ಎಂದು ನನ್ನನ್ನು ಕೇಳಿದವರಿದ್ದಾರೆ. ಖಂಡಿತವಾಗಿ ಸಲ್ಲುತ್ತದೆ: 1983ರ ಧರ್ಮಸಭಾ ಕಾನೂನು ಸಂಹಿತೆಯ 1248ನೇ ನಿಯಮದಂತೆ ಯಾವುದೇ ಕಥೋಲಿಕ ವಿಧಿಯ ಬಲಿಪೂಜೆಯಲ್ಲಿ, ಅದೇ ದಿನ ಅಥವಾ ಹಿಂದಿನ ದಿನ ಸಂಜೆ, ಭಾಗವಹಿಸಿದರೆ ಸಾಕು. ಅಲ್ಲಿ ಪೂಜೆ ನಡೆಯುವುದು ಮಲಯಾಳದಲ್ಲಿ. ಗಡಿನಾಡಿನವರಾದ ನಮಗೆ ಅದೇನೂ ತೊಡಕಲ್ಲ. ಗಮನಿಸಬೇಕಾದದ್ದು ಇನ್ನೊಂದಿದೆ. ಆ ವಿಧಿಯ ಪೂಜಾ ಪಂಚಾಂಗವೇ ಬೇರೆ, ಆದ್ದರಿಂದ ನಾವು ಹಿಂದಿನ ರಾತ್ರಿ ಮಕ್ಕಳಿಗೆ ಓದಿ ಹೇಳಿದ ಶುಭಸಂದೇಶದ ಭಾಗವೇ ಮರುದಿನ ಅಲ್ಲಿ ಕೇಳಿಬರುತ್ತದೆಂಬ ಭರವಸೆಯಿಲ್ಲ. ಗುಡ್ಡದ ದಾರಿಯಲ್ಲಿ ಭಾನುವಾರ ಬಸ್ಸುಗಳನ್ನು ನಂಬುವಂತಿಲ್ಲವಾದ್ದರಿಂದ ಶನಿವಾರವೇ ರಿಕ್ಷಾದವರಿಗೆ ಹೇಳಿಟ್ಟು, ಬೆಳಿಗ್ಗೆ ಯಾರ ನಿದ್ದೆಯನ್ನೂ ಕೆಡಿಸದೆ ಹೊರಟು, ಎಲ್ಲರೊಡನೆ ತಿಂಡಿ ತಿನ್ನುವ ಹೊತ್ತಿಗೆ ಹಿಂತಿರುಗುತ್ತೇವೆ.

ಊಟದ ಮುಂಚೆ ನಾನು ಶಿಲುಬೆಯ ಗುರುತು ಮಾಡಿಕೊಳ್ಳುತ್ತೇನೆ. ಅದನ್ನು ಅಡಗಿಸುವುದಿಲ್ಲ, ನನಗಾಗಿ ಯಾರೂ ಕಾಯಬೇಕೆಂದು ಬಯಸುವುದೂ ಇಲ್ಲ. ಚಿಕ್ಕಪ್ಪ ಸಂಜೆ ವಾರ್ತೆ ನೋಡಲು ಕುಳಿತಾಗ ನಾವು ಒಳಕೋಣೆಯಲ್ಲಿ ತಗ್ಗಿದ ದನಿಯಲ್ಲಿ ಜಪಸರ ಹೇಳುತ್ತೇವೆ. "ಅಜ್ಜ ಯಾಕೆ ಬರುವುದಿಲ್ಲ?" ಎಂದು ಕಿರಿಯ ಮಗ ಕೇಳಿದಾಗ, "ಅಜ್ಜನಿಗೆ ದೇವರಲ್ಲಿ ನಂಬಿಕೆಯಿಲ್ಲ, ನಮಗಿದೆ, ಅಜ್ಜನಿಗೆ ಉಪದೇಶ ಮಾಡುವುದು ನಿನ್ನ ಕೆಲಸವಲ್ಲ" ಎಂದಿದ್ದೆ. ಚಿಕ್ಕಪ್ಪ ತಾವಾಗಿ ಏನಾದರೂ ಕೇಳಿದರೆ ತಿಳಿದಷ್ಟನ್ನು ನೇರವಾಗಿ ಹೇಳುತ್ತೇನೆ. ವಾದಕ್ಕೆ ನಾನಾಗಿ ಎಡೆಮಾಡುವುದಿಲ್ಲ.

ಕಳೆದ ಮಳೆಗಾಲದಲ್ಲಿ ಚಿಕ್ಕಮ್ಮ ಜ್ವರದಿಂದ ಮಲಗಿದ್ದರು, ಚಿಕ್ಕಪ್ಪ ಊರಲ್ಲಿರಲಿಲ್ಲ. ಆ ಭಾನುವಾರ ನಾನು ಪೂಜೆಗೆ ಹೋಗಲಿಲ್ಲ. ರೋಗಿಯ ಆರೈಕೆಯಂಥ ಗಂಭೀರ ಕಾರಣವಿದ್ದಾಗ ಕರ್ತವ್ಯದಿಂದ ವಿನಾಯಿತಿಯಿದೆ, ಅಂಥ ದಿನ ಮನೆಯಲ್ಲೇ ಪ್ರಾರ್ಥನೆಯಲ್ಲಿ ತಕ್ಕಷ್ಟು ಹೊತ್ತು ಕಳೆಯಬೇಕೆಂದು ಅದೇ 1248ನೇ ನಿಯಮ ಸೂಚಿಸುತ್ತದೆ. ಗಂಜಿ ಕುಡಿಸಿದ ಮೇಲೆ ಪಕ್ಕದಲ್ಲೇ ಕುಳಿತು ಆ ದಿನದ ವಾಚನಗಳನ್ನು ಓದತೊಡಗಿದೆ. ಮೆಲ್ಲಗೆ ಓದುತ್ತಿದ್ದವಳಿಗೆ "ಗಟ್ಟಿಯಾಗಿ ಓದು, ನನಗೂ ಹೊತ್ತು ಹೋಗುತ್ತದೆ" ಎಂದು ಚಿಕ್ಕಮ್ಮ ಹೇಳಿದರು. ಮೂರು ವಾಚನಗಳನ್ನೂ ಕೀರ್ತನೆಯನ್ನೂ ಗಟ್ಟಿಯಾಗಿಯೇ ಓದಿದೆ.