ಗೆರೆ ಎಳೆದ ಪುಸ್ತಕ ಕೊಡುವ ಮೊದಲು

ನನಗೆ ಪೆನ್ಸಿಲ್ ಹಿಡಿದೇ ಓದುವ ಅಭ್ಯಾಸ. ಹಿಡಿಸಿದ ಸಾಲಿನ ಕೆಳಗೆ ಗೆರೆ, ಅಂಚಿನಲ್ಲಿ ಒಂದೆರಡು ಮಾತು, ಕೆಲವು ಕಡೆ ಸುಮ್ನೆ ಒಂದು ಪ್ರಶ್ನಾರ್ಥಕ ಚಿಹ್ನೆ. ಹಾಗೆ ಗೆರೆ ಎಳೆದಿದ್ದ ಒಂದು ಕಾದಂಬರಿಯನ್ನು ಗೆಳತಿಗೆ ಕೊಟ್ಟೆ. ವಾಪಸ್ ಕೊಡುವಾಗ ಅವಳು ಹೇಳಿದಳು, "ಚೆನ್ನಾಗಿದೆ ಕಣೇ, ಆದರೆ ಓದುವಾಗೆಲ್ಲ ನೀನು ಪಕ್ಕದಲ್ಲೇ ಕೂತು 'ಇಲ್ಲಿ ನೋಡು, ಇಲ್ಲಿ ನೋಡು' ಅಂತ ತಿವಿದ ಹಾಗಿತ್ತು."

ನನಗೆ ನಿಜವಾಗಲೂ ಬೇಜಾರಾಯಿತು. ಕೊಟ್ಟಿದ್ದು ಪುಸ್ತಕ ಅಂದುಕೊಂಡಿದ್ದೆ, ಅವಳ ಕೈಗೆ ಹೋಗಿದ್ದು ನನ್ನ ಓದು.

ಅಂದಿನಿಂದ ಗೆರೆ ನಿಲ್ಲಿಸಿದೆ. ಈಗ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಪುಟದ ನಂಬರು, ಸಾಲಿನ ಮೊದಲ ಮೂರು ಪದ, ಅಷ್ಟೇ ಬರೆದುಕೊಳ್ಳುತ್ತೇನೆ. ಇನ್ನೊಂದು, ಮುಗಿಯುವ ತನಕ ಆ ಪುಸ್ತಕದ ಬಗ್ಗೆ ಯಾರ ಹತ್ತಿರವೂ ಮಾತಾಡುವುದಿಲ್ಲ. ಇದು ನನಗೆ ಗೆರೆಗಿಂತ ಜಾಸ್ತಿ ಮುಖ್ಯ. ಒಮ್ಮೆ ಅರ್ಧ ಓದಿದ ಪುಸ್ತಕದ ಬಗ್ಗೆ ಉತ್ಸಾಹದಲ್ಲಿ ಒಬ್ಬರಿಗೆ ಹೇಳಿಬಿಟ್ಟೆ, ಆಮೇಲೆ ಒಂದೊಂದು ಅಧ್ಯಾಯ ಓದುವಾಗಲೂ ತಲೆಯಲ್ಲಿ 'ಇದನ್ನು ಅವರಿಗೆ ಹೇಗೆ ಹೇಳಲಿ' ಅನ್ನೋದೇ ಓಡುತ್ತಿತ್ತು, ಕಥೆಯಲ್ಲಿ ಒಬ್ಬರು ಸತ್ತರೂ ನನಗೆ ಅಳು ಬರಲಿಲ್ಲ, ಯಾಕೆಂದರೆ ನಾನು ಆಗಲೇ ವರದಿ ಒಪ್ಪಿಸುವ ತಯಾರಿಯಲ್ಲಿದ್ದೆ.

ಕ್ರಿ.ಶ. 384ರಲ್ಲಿ ಇಟಲಿಯ ಮಿಲಾನ್ ನಗರಕ್ಕೆ ಹೋದ, ಮುಂದೆ ಕ್ರೈಸ್ತ ಸಂತರೆನಿಸಿದ ಅಗಸ್ಟೀನ್ ಅಲ್ಲಿನ ಬಿಷಪ್ ಆಂಬ್ರೋಸ್ ಓದುತ್ತಿದ್ದ ರೀತಿಯನ್ನು ಬರೆದಿಟ್ಟಿದ್ದಾರೆ. ಜೋರಾಗಿ ಓದುವುದು ರೂಢಿಯಲ್ಲಿದ್ದ ಕಾಲ ಅದು. ಆಂಬ್ರೋಸ್ ಮಾತ್ರ ತುಟಿ ಬಿಚ್ಚದೆ ಓದುತ್ತಿದ್ದರು. ಬಾಗಿಲು ಎಲ್ಲರಿಗೂ ತೆರೆದೇ ಇತ್ತು, ಆದರೂ ಬಂದವರು ಸುಮಾರು ಹೊತ್ತು ಸುಮ್ಮನೆ ಕೂತು ಎದ್ದು ಹೋಗುತ್ತಿದ್ದರಂತೆ. ಜೋರಾಗಿ ಓದಿದರೆ ಕೇಳಿದವರು ಅರ್ಥ ಬಿಡಿಸಿ ಹೇಳಿ ಅಂತ ಕೂತುಬಿಡುತ್ತಾರೆ, ಅದಕ್ಕೇ ಇರಬಹುದು ಅಂತ ಅಗಸ್ಟೀನ್ ಊಹೆ. ಗಂಟಲು ಕೆಡದಿರಲಿ ಅಂತಲೂ ಇರಬಹುದು ಅಂದಿದ್ದಾರೆ. ನನಗೆ ಮೊದಲನೆಯದೇ ಸರಿ ಅನಿಸುತ್ತದೆ. ಓದುವವರಿಗೆ ಅಷ್ಟು ಹೊತ್ತು ಬೇಕೇ ಬೇಕು, ಅಲ್ವಾ?

ಹಾಗಂತ ಕೊಡುವುದನ್ನು ನಿಲ್ಲಿಸಿಲ್ಲ. ಪುಸ್ತಕ ಮುಗಿದ ಮೇಲೆ ಒಂದು ವಾರ ಬಿಡುತ್ತೇನೆ. ವಾರದ ನಂತರವೂ ಮನಸ್ಸು ಅದರ ಹತ್ತಿರವೇ ಹೋಗುತ್ತಿದ್ದರೆ ಮಾತ್ರ ಇನ್ನೊಬ್ಬರಿಗೆ ಕೊಡುತ್ತೇನೆ. ಕೊಡುವಾಗ ಕಥೆ ಹೇಳುವುದಿಲ್ಲ, 'ನಿನಗೆ ಇಷ್ಟ ಆಗೇ ಆಗುತ್ತೆ' ಅಂತಲೂ ಹೇಳುವುದಿಲ್ಲ. ಆ ಮಾತು ಹೇಳಿದರೆ ಇಷ್ಟವಾಗದವರು ಪುಸ್ತಕವನ್ನೂ ಕೊಡಲ್ಲ, ನಮ್ಮ ಎದುರಿಗೂ ಬರಲ್ಲ.

ಕಳೆದ ಸಲ ಅದೇ ಗೆಳತಿಗೆ ಒಂದು ಗೆರೆಯೂ ಇಲ್ಲದ ಪುಸ್ತಕ ಕೊಟ್ಟೆ. ವಾಪಸ್ ಬಂದಾಗ ಒಂದು ಪುಟದ ಅಂಚಿನಲ್ಲಿ ಪೆನ್ಸಿಲ್‌ನ ಒಂದೇ ಒಂದು ಚುಕ್ಕೆ ಇತ್ತು. ತಾಯಿಯೊಬ್ಬಳು ಒಗೆದ ಬಟ್ಟೆ ಮಡಚಿಡುವ ಸಾಲು. ನೋಟ್‌ಬುಕ್ ತೆಗೆದು ನೋಡಿದೆ, ಆ ಪುಟದ ನಂಬರೇ ಅದರಲ್ಲಿರಲಿಲ್ಲ. ಕೂತು ಆ ಪುಟವನ್ನು ಮೊದಲಿನಿಂದ ಓದಿದೆ.