ಐದಾರು ಮನೆಗೆ ಒಂದು ಸ್ಟ್ರಿಪ್ ಡಬ್ಬಿ: ನನ್ನ ಅನುಭವ

ಸಕ್ಕರೆ ಕಾಯಿಲೆ ಇರುವ ಹಳ್ಳಿಯ ಅಜ್ಜ ಅಜ್ಜಿಯರು ತಾವೇ ರಕ್ತದ ಶುಗರ್ ನೋಡಿಕೊಳ್ಳುವುದು ಆಗದ ಮಾತು ಅಂತ ಜೊತೆಯ ನರ್ಸುಗಳೇ ಹೇಳಿದ್ದರು. ಈಗ ನನ್ನ ಗುಂಪಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜನ ತಪ್ಪದೆ ನೋಡಿಕೊಳ್ಳುತ್ತಿದ್ದಾರೆ. ಹೇಗೆ ಮಾಡಿದೆ ಅಂತ ಆ ನರ್ಸುಗಳೇ ಬಂದು ಕೇಳಿಕೊಂಡು ಹೋಗಿದ್ದಾರೆ.

ದಾನಿಗಳು ಶುಗರ್ ಅಳೆಯುವ ಮೀಟರ್ ಕೊಡುತ್ತಾರೆ, ಅದಕ್ಕೆ ರಕ್ತದ ಹನಿ ಹಾಕುವ ಪಟ್ಟಿ, ಅಂದರೆ ಸ್ಟ್ರಿಪ್ ಕೊಡುವುದಿಲ್ಲ. ಸ್ಟ್ರಿಪ್ ಮುಗಿದ ದಿನ ಮೀಟರ್ ಪೆಟ್ಟಿಗೆ ಸೇರುತ್ತದೆ. ಒಂದು ಕಂಪನಿಯ ಸ್ಟ್ರಿಪ್ ಇನ್ನೊಂದಕ್ಕೆ ಆಗುವುದೂ ಇಲ್ಲ. ಅದಕ್ಕೇ ಎಲ್ಲರಿಗೂ ಒಂದೇ ಮಾಡೆಲ್ ಮಾಡಿದೆ. ಹೊಸ ಡಬ್ಬಿ ತೆರೆದಾಗಲೆಲ್ಲ ಮೀಟರಿಗೆ ಅದರ ಕೋಡ್ ಹಾಕುವ ಗೋಜಿಲ್ಲದ್ದು, ಅಂಕಿ ದೊಡ್ಡದಾಗಿ ಕಾಣುವಂಥದ್ದು.

50 ಸ್ಟ್ರಿಪ್‌ನ ಡಬ್ಬಿ ಒಡೆದು, ಕವರಿಗೆ ಹತ್ತತ್ತರಂತೆ ಹಾಕಿ ಮನೆಮನೆಗೆ ಹಂಚಿ ನೋಡಿದೆವು. ದುಡ್ಡೆಲ್ಲ ನೀರುಪಾಲು. ತೇವ ಕುಡಿದ ಸ್ಟ್ರಿಪ್ ಬಾಯಿಗೆ ಬಂದ ಅಂಕಿ ಹೇಳಿತು. ಸ್ಟ್ರಿಪ್ ತನ್ನ ಡಬ್ಬಿಯಲ್ಲೇ ಇರಬೇಕು, ಮುಚ್ಚಳ ಬಿಗಿಯಾಗಿರಬೇಕು. ಸರಿ, ಜನರನ್ನೇ ಡಬ್ಬಿಯ ಹತ್ತಿರ ಕರೆದೆ. ಐದಾರು ಮನೆಗೆ ಒಂದು ಮನೆ. ಅಲ್ಲಿ ಒಂದು ಮೀಟರ್, ಒಂದು ಡಬ್ಬಿ. ಮೊದಲು ಒಬ್ಬೊಬ್ಬರೂ ಡಬ್ಬಿ ಕೊಂಡು, ಅವಧಿ ಮುಗಿದು ಅರ್ಧ ಎಸೆಯುತ್ತಿದ್ದರು. ಈಗ ತಲಾ ಖರ್ಚು ಸುಮಾರು ಮೂರರಲ್ಲೊಂದು ಪಾಲಿಗೆ ಇಳಿದಿದೆ. ಅದರಲ್ಲಿ ಡೀಲರ್ ಕೊಟ್ಟ ರಿಯಾಯಿತಿಯೂ ಸೇರಿದೆ. ಅದನ್ನು ಹೇಗೆ ಗಿಟ್ಟಿಸಿದೆ ಅಂತ ಇಲ್ಲಿ ಬರೆಯಲ್ಲ.

ರಕ್ತ ತೆಗೆಯಲು ಬೆರಳು ಚುಚ್ಚುವ ಪೆನ್ನು ಮಾತ್ರ ಹಂಚಿಕೊಳ್ಳಲೇಬಾರದು, ರಕ್ತದಿಂದ ಹೆಪಟೈಟಿಸ್ ಬಿ ಎಂಬ ಲಿವರ್ ಸೋಂಕು ಹರಡುತ್ತದೆ. ಒಮ್ಮೆ ಚುಚ್ಚಿದರೆ ತಾನೇ ಲಾಕ್ ಆಗುವ ಲ್ಯಾನ್ಸೆಟ್ (ಚುಚ್ಚುವ ಸೂಜಿ) ಜಾಸ್ತಿ ದುಬಾರಿ, ಆದರೂ ಅದನ್ನೇ ತರಿಸುತ್ತೇನೆ. ಒಬ್ಬೊಬ್ಬರಾದ ಮೇಲೂ ಮೀಟರನ್ನು ಸೋಂಕುನಾಶಕ ಹಾಕಿ ಒರೆಸಬೇಕು. ಇದರಲ್ಲಿ ನಾನು ಸಡಿಲ ಬಿಡುವುದಿಲ್ಲ.

ಇನ್ಸುಲಿನ್ ತಗೊಳ್ಳುವವರಿಗೆ ಈ ಏರ್ಪಾಡು ಸಾಲದು. ರಾತ್ರಿ ಶುಗರ್ 70 mg/dLಗಿಂತ ಇಳಿದು ಅಪಾಯವಾದರೆ ಪಕ್ಕದ ಮನೆಗೆ ಓಡೋಕಾಗುತ್ತಾ? ಅವರಿಗೆ ಬೇರೆಯೇ ಮೀಟರ್, ಬೇರೆಯೇ ಡಬ್ಬಿ. ಗುಂಪಿನಲ್ಲಿ ಉಳಿದ ದುಡ್ಡು ಅದಕ್ಕೇ ಹೋಗುತ್ತದೆ.

ಇನ್ಸುಲಿನ್ ತಂಪಾಗಿಡಲು ಫ್ರಿಜ್ ಇಲ್ಲದವರಿಗಾಗಿ ಮಡಕೆಯೊಳಗೆ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಥರ್ಮಾಮೀಟರ್ ಹಾಕಿ ನೋಡಿದೆ. ಒಣ ಗಾಳಿಯಲ್ಲಿ ಏಳೆಂಟು ಡಿಗ್ರಿ ಇಳಿಯಿತು. ಮಳೆಗಾಲದಲ್ಲಿ ಇಳಿದಿದ್ದು ಅತ್ಯಲ್ಪ. ಬಳಕೆಯಲ್ಲಿರುವ ಬಾಟಲಿಗೆ ಇದು ಸಾಕು, ಅದನ್ನೂ 28 ದಿನಕ್ಕೆ ಬದಲಿಸುತ್ತೇವೆ. ಇನ್ನೂ ತೆರೆಯದ ಬಾಟಲಿಗೆ ಫ್ರಿಜ್ಜೇ ಬೇಕು.

ಈಗ ಅದೇ ಮನೆಗಳಲ್ಲಿ ಪಾದದ ಸ್ಪರ್ಶ ಹೋಗಿದೆಯಾ ಅಂತ ನೋಡಲು 10 ಗ್ರಾಂ ಮೊನೊಫಿಲಮೆಂಟ್ (10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ) ಇಡುತ್ತಿದ್ದೇನೆ. ಶುಗರ್ ನೋಡಲು ಬಂದವರು ಚಪ್ಪಲಿ ಬಿಟ್ಟೇ ಒಳಗೆ ಬರುತ್ತಾರೆ, ಅಲ್ವಾ?